ಗಂಟಲು ಕಾಯ್ದ ವಾರ

ಶಾಲೆಯ ಗಂಟೆ ಒಡೆದುಹೋದ ವರ್ಷ, ಹೊಸದು ಬರುವವರೆಗೆ ಏನು ಮಾಡುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ದೊಡ್ಡ ಮೇಡಂ ಬಹಳ ಯೋಚನೆ ಮಾಡಲಿಲ್ಲವಂತೆ. ಒಂದನೇ ತರಗತಿಯ ಮಿಸ್ಸನ್ನು ಕರೆದು ಮೆಟ್ಟಿಲ ಮೇಲೆ ನಿಲ್ಲಿಸಿ, "ಊಟದ ಹೊತ್ತಾಯ್ತು ಅಂತ ಒಂದು ಸಲ ಹೇಳಿಬಿಡಿ" ಎಂದರಂತೆ. ಮಿಸ್ಸು ಹೇಳಿದರು. ಮೂರೂ ಮಹಡಿಯ ಮಕ್ಕಳು ಡಬ್ಬಿ ಬಿಚ್ಚಿದರು. ರಸ್ತೆಯಾಚೆಯ ಗ್ಯಾರೇಜಿನವರೂ ಕೈ ತೊಳೆದುಕೊಂಡು ಊಟಕ್ಕೆ ಕೂತರು. ಅಂದಿನಿಂದ ಅವರು ಗಂಟೆ ಮಿಸ್ಸು. ಹೊಸ ಗಂಟೆ ಬಂದು ಎಷ್ಟೋ ಕಾಲವಾಯಿತು, ಆದರೂ ಹೆಸರು ಹೋಗಲಿಲ್ಲ.

ಅಂಥ ಧ್ವನಿ ಮನೆಯಲ್ಲಿದ್ದರೆ ಮನೆ ಹೇಗಿರುತ್ತದೆಂದು ಕೇಳುವುದೇ ಬೇಡ. ಮಿಸ್ಸು "ಕೂತ್ಕೊಳ್ಳಿ" ಎಂದರೆ ಮನೆಯ ಯಜಮಾನರು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂರುವವರು. ಅವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ದೂರಲು ಬಂದವರಿಗೆಲ್ಲ "ನೋಡೋಣ" ಎಂದು ಹೇಳಿ ಕಳಿಸುವುದು ಅವರ ಕೆಲಸ. ಅದೊಂದನ್ನು ಅವರು ಬಹಳ ಚೆನ್ನಾಗಿ ಮಾಡುತ್ತಿದ್ದರು. ಮನೆಗೂ ಅದೇ ಮಾತನ್ನು ಹೊತ್ತು ತರುತ್ತಿದ್ದರು. ಯಜಮಾನರ ತಾಯಿ, ಅಂದರೆ ಅಜ್ಜಿ, ಸೊಸೆಯ ಧ್ವನಿ ಬಂದ ಕೂಡಲೇ ಕಿವಿ ಮಂದವಾಗುವ ವಿದ್ಯೆ ಕಲಿತಿದ್ದರು. ಇನ್ನು ಮಗಳು. ಈ ಸಲ ಹತ್ತನೇ ತರಗತಿ. ಅವಳು ಮಾತ್ರ ಅಮ್ಮನ ಧ್ವನಿಯನ್ನು ಮೀರಿ ಮಾತಾಡಬಲ್ಲವಳು, ಯಾಕೆಂದರೆ ಧ್ವನಿ ಅಮ್ಮನದೇ.

ಆದರೆ ಧ್ವನಿಯೂ ಸವೆಯುತ್ತದಲ್ಲ. ಒಂದನೇ ತರಗತಿಯ ಕೋಣೆ ರಸ್ತೆಗೆ ಅಂಟಿಕೊಂಡಿದೆ. ಲಾರಿಗಳು ಸರಿಯಾಗಿ ಆ ಕಿಟಕಿಯ ಕೆಳಗೇ ಗೇರು ಬದಲಿಸುತ್ತವೆ. ಒಂದಕ್ಕೂ ಎರಡಕ್ಕೂ ನಡುವೆ ಗೋಡೆಯಿಲ್ಲ, ಸಾಲಾಗಿ ನಿಲ್ಲಿಸಿದ ಬೀರುಗಳಿವೆ. ಈಚೆ "ಅ" ಎಂದರೆ ಆಚೆಯಿಂದ ಮಗ್ಗಿ ಕೇಳಿಸುತ್ತದೆ. ಅದರ ಮೇಲೆ ಶಾಲೆ ತೆರೆದ ಮೊದಲ ದಿನಗಳು! ಒಂದು ಮಗು ಅತ್ತರೆ ಪಕ್ಕದ್ದು ಯಾಕೆಂದೂ ಕೇಳದೆ ದನಿಗೂಡಿಸುತ್ತದೆ. ಅಪ್ಪ ಅಮ್ಮಂದಿರು ಕಿಟಕಿಗೆ ಮುಖ ಒತ್ತಿಕೊಂಡು "ಅಳ್ಬೇಡ ಚಿನ್ನ" ಎಂದು ತಾವೇ ಅಳುತ್ತ ನಿಲ್ಲುತ್ತಾರೆ. ಇಷ್ಟರ ಮೇಲೆ ಮಿಸ್ಸಿನ ಧ್ವನಿ ಏಳಬೇಕು. ಏಳುತ್ತಿತ್ತು, ಮತ್ತೆ ವಾರ ಮುಗಿಯುವುದರೊಳಗೆ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿ ನಿಂತೇಹೋಗುತ್ತಿತ್ತು. ಕಳೆದ ವರ್ಷವಂತೂ ಎರಡನೇ ದಿನಕ್ಕೇ ಕೈಕೊಟ್ಟಿತು.

ಗಂಟಲಿನ ಡಾಕ್ಟರು ಟಾರ್ಚು ಹಾಕಿ ಇಣುಕಿ, "ಸಣ್ಣ ಗಂಟುಗಳಾಗಿವೆ. ಟೀಚರ್ ಗಂಟಲು. ವಿಶ್ರಾಂತಿ ಕೊಡಿ" ಎಂದರು.

"ಎಷ್ಟು ದಿನ ಡಾಕ್ಟ್ರೇ?"

"ರಿಟೈರ್ ಆಗೋವರೆಗೆ. ಅಷ್ಟು ಆಗಲ್ಲ ಅಂದ್ರೆ ಸ್ಕೂಲ್ ಶುರುವಾಗೋ ಮುಂಚೆ ಒಂದು ವಾರವಾದ್ರೂ ಬಾಯಿ ಮುಚ್ಕೊಂಡಿರಿ. ಪಿಸುಮಾತೂ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು."

ಪಕ್ಕದಲ್ಲಿ ಕೂತಿದ್ದ ಯಜಮಾನರ ಮುಖ ಅರಳಿತು. "ಒಂದು ವಾರ ಸಾಕಾ ಡಾಕ್ಟ್ರೇ? ಗಂಟಲು ವಿಷಯ. ಬೇಕಿದ್ರೆ ಎರಡು ವಾರ ಇರ್ಲಿ" ಎಂದು ಬಹಳ ಕಾಳಜಿಯಿಂದ ಹೇಳಿದರು. ದೊಡ್ಡ ಮೇಡಂ ಕೂಡ ರಜಕ್ಕೆ ಮುಂಚೆ ತಿಳಿಸಿಬಿಟ್ಟಿದ್ದರು: "ಈ ವರ್ಷವೂ ನಿಮ್ಮ ಧ್ವನಿ ಹೋದ್ರೆ ಒಂದನೇ ತರಗತಿ ಬೇರೆಯವರಿಗೆ ಕೊಡ್ತೀನಿ. ನೀವು ಲೈಬ್ರರಿ ನೋಡ್ಕೊಳ್ಳಿ." ಆ ಲೈಬ್ರರಿ ಎಂದರೆ ಹಿಂದಿನ ಕೋಣೆ, ಹರಿದ ಭೂಪಟಗಳು, ಗಾಳಿ ಹೋದ ಫುಟ್‌ಬಾಲುಗಳು. ಮಿಸ್ಸಿಗೆ ಒಂದನೇ ತರಗತಿಯೇ ಬೇಕು. ಎರಡೂ ಕಾಲಿನ ಬೂಟನ್ನು ಒಂದೇ ಕಾಲಿಗೆ ತುರುಕುವ ಆ ಮಕ್ಕಳಿಲ್ಲದೆ ಅವರಿಗೆ ಬದುಕು ಸಪ್ಪೆ.

ಹಾಗಾಗಿ ರಜದ ಕೊನೆಯ ವಾರ ಬಂದದ್ದೇ ತಡ, ಮಿಸ್ಸು ಬಾಯಿಗೆ ಬೀಗ ಹಾಕಿದರು. ಮನೆಯಲ್ಲಿ ನಿಜವಾದ ಬೇಸಿಗೆ ರಜ ಶುರುವಾದದ್ದು ಆಗ!

ಅಜ್ಜಿ ಟಿವಿಯ ಸದ್ದು ಏರಿಸಿದರು. ಯಜಮಾನರು ಸ್ನಾನದ ಮನೆಯಲ್ಲಿ ಹಾಡು ಹೇಳತೊಡಗಿದರು. ಅವರಿಗೆ ಹಾಡು ಬರುತ್ತದೆಂದು ಮಗಳಿಗೆ ಗೊತ್ತಾದದ್ದೇ ಆಗ. ಬರುವುದಿಲ್ಲವೆಂದು ಗೊತ್ತಾಗಲೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒದ್ದೆ ಟವೆಲ್ಲು ಮಂಚದ ಮೇಲೆ ಬಿತ್ತು. ಕುಡಿದ ಲೋಟಗಳು ಕೂತಲ್ಲೇ ಉಳಿದವು. ಮಿಸ್ಸು ತರಗತಿಯ ಪದ್ಧತಿಯಂತೆ ಚಪ್ಪಾಳೆಯಲ್ಲಿ ಆಡಳಿತ ನಡೆಸಲು ನೋಡಿದರು. ಒಂದು ಚಪ್ಪಾಳೆ ಎಂದರೆ ಮಾಡುತ್ತಿರುವುದನ್ನು ನಿಲ್ಲಿಸು, ಎರಡು ಎಂದರೆ ಇದ್ದಲ್ಲಿ ಕೂರು. ಆರು ವರ್ಷದ ಮಕ್ಕಳಿಗೆ ಒಂದೇ ಬೆಳಿಗ್ಗೆಯಲ್ಲಿ ಬರುವ ಈ ಪಾಠ ಐವತ್ತು ದಾಟಿದ ಯಜಮಾನರ ತಲೆಗೆ ಹತ್ತಲಿಲ್ಲ. "ಏನು, ಸೊಳ್ಳೆನಾ?" ಎಂದು ಅವರೂ ಗಾಳಿಯಲ್ಲಿ ಒಂದು ಚಪ್ಪಾಳೆ ಹೊಡೆಯುತ್ತಿದ್ದರು.

ನಡುವಾರದಲ್ಲಿ ನಾದಿನಿಯ ಫೋನು ಬಂತು. ಯಜಮಾನರ ತಂಗಿ. ಮದುವೆಯಾಗಿ ಎಷ್ಟೋ ವರ್ಷವಾದರೂ ಈ ಮನೆಗೆ ಅವಳಿನ್ನೂ ಪುಟ್ಟಿ. ಅವಳ ಮನೆ ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಗಂಡ ತನ್ನ ಅಣ್ಣನ ಮನೆ ಸೇರಿಕೊಂಡ. ಪುಟ್ಟಿ ಮತ್ತು ಪುಟ್ಟಿಯ ಸಾಮಾನು ಎಲ್ಲಿಗೆ ಹೋಗಬೇಕು?

"ನಿಮ್ಮಲ್ಲೊಂದು ರೂಮು ಖಾಲಿ ಇದೆಯಂತಲ್ಲ ಅಣ್ಣ. ಎರಡೇ ತಿಂಗಳು. ಮೇಸ್ತ್ರಿ ಮಾತು ಕೊಟ್ಟಿದ್ದಾನೆ."

ಮೇಸ್ತ್ರಿಯ ಎರಡು ತಿಂಗಳು ಅಂದರೇನೆಂದು ಲೋಕಕ್ಕೇ ಗೊತ್ತು. ಅಂಥ ಎರಡು ತಿಂಗಳಲ್ಲಿ ಹುಟ್ಟಿದ ಮಗು ಬೆಳೆದು ಮಿಸ್ಸಿನ ತರಗತಿಗೆ ಬಂದು ಕೂತದ್ದುಂಟು.

ಆ ರೂಮು ಖಾಲಿ ಇರಲಿಲ್ಲ. ಅದು ಮೊದಲು ಉಗ್ರಾಣ. ಕೆಟ್ಟ ಫ್ಯಾನು, ಬಣ್ಣದ ಡಬ್ಬ, ಒಂಟಿ ಚಪ್ಪಲಿಗಳ ಸಂಸಾರ. ಮಗಳು ಹುಟ್ಟಿದಾಗಿನಿಂದ ಅಜ್ಜಿಯ ಜೊತೆ ಮಲಗುತ್ತಿದ್ದಳು. ಅಜ್ಜಿ ನಿದ್ದೆಯಲ್ಲಿ ಗೊರಕೆ, ಎಚ್ಚರದಲ್ಲಿ ರೇಡಿಯೋ. ಈ ರಜದಲ್ಲಿ ತಾಯಿ ಮಗಳು ಸೇರಿ ಉಗ್ರಾಣ ತೆರವು ಮಾಡಿ, ಗೋಡೆಗೆ ತಿಳಿ ಹಸಿರು ಹಚ್ಚಿ, ಬಡಗಿಯನ್ನು ಕರೆಸಿ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿದ್ದರು. ಬಚ್ಚಲು ಬಿಟ್ಟರೆ ಆ ಮನೆಯಲ್ಲಿ ಒಳಚಿಲಕ ಇರುವ ಬಾಗಿಲು ಅದೊಂದೇ. ಮಗಳು ಮೊದಲ ದಿನವಿಡೀ ಚಿಲಕ ಹಾಕುವುದು, ತೆಗೆಯುವುದು, ಅದನ್ನೇ ಮಾಡಿದ್ದಳು.

"ಅತ್ತಿಗೆ ಏನಂತಾರೆ?" ಪುಟ್ಟಿ ಫೋನಿನಲ್ಲಿ ಕೇಳಿದಳು.

ಯಜಮಾನರು ಹೆಂಡತಿಯ ಕಡೆ ನೋಡಿದರು. ಮಿಸ್ಸು ತಲೆ, ಕೈ, ಸೌಟು ಎಲ್ಲವನ್ನೂ ಅಡ್ಡಡ್ಡ ಆಡಿಸುತ್ತಿದ್ದರು. ಯಜಮಾನರು ಕಣ್ಣನ್ನು ಮೆಲ್ಲಗೆ ಕ್ಯಾಲೆಂಡರಿನ ಕಡೆ ತಿರುಗಿಸಿ, "ಅವಳೇನೂ ಅಂದಿಲ್ಲಮ್ಮ" ಎಂದರು. ಕಚೇರಿಯಲ್ಲಿ ಪಳಗಿದ ಮನುಷ್ಯ, ಸುಳ್ಳು ಹೇಳಲಿಲ್ಲ ನೋಡಿ.

ಎರಡು ದಿನ ಬಿಟ್ಟು ಪುಟ್ಟಿ ಟೇಪು ಹಿಡಿದು ರೂಮು ಅಳೆಯಲು ಬಂದಳು. "ಅಯ್ಯೋ ಅತ್ತಿಗೆ, ಎಷ್ಟು ಸೊರಗಿದ್ದೀರಿ! ಮಾತಾಡ್ಬೇಡಿ, ಮಾತಾಡ್ಬೇಡಿ. ಎಲ್ಲ ನಾನೇ ನೋಡ್ಕೊಳ್ತೀನಿ."

ಮಿಸ್ಸು ಮಗಳ ಹಳೆಯ ಸ್ಲೇಟು ಹುಡುಕಿ ತಂದು, ದೊಡ್ಡ ಅಕ್ಷರದಲ್ಲಿ ಬರೆದು ನಾದಿನಿಯ ಮೂಗಿನ ಕೆಳಗೆ ಹಿಡಿದರು: ಈ ರೂಮು ಮಗಳದು. ಕೊಡುವುದಿಲ್ಲ.

ಪುಟ್ಟಿ ಸ್ಲೇಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಅಣ್ಣಾ, ಇಲ್ನೋಡು. ಏನು ಅಕ್ಷರ! ಮುತ್ತು ಪೋಣಿಸಿದ ಹಾಗಿದೆ. ಒಂದನೇ ಕ್ಲಾಸ್ ಟೀಚರ್ ಅಂದ್ರೆ ಹೀಗಿರ್ಬೇಕು. ಅಮ್ಮಾ, ನೀನೂ ನೋಡು."

ಅಜ್ಜಿ ಟಿವಿಯಿಂದ ಕಣ್ಣು ತೆಗೆಯದೆ, "ನನ್ನ ಕನ್ನಡಕ ಎಲ್ಲೋ ಇಟ್ಟಿದ್ದೀನಿ. ಓದಿ ಹೇಳು" ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

"ಚೆನ್ನಾಗಿ ಬರ್ದಿದ್ದಾರೆ ಅಂದೆ" ಎಂದು ಪುಟ್ಟಿ ಸ್ಲೇಟನ್ನು ಜೋಪಾನವಾಗಿ ಫ್ರಿಜ್ಜಿನ ಮೇಲಿಟ್ಟು ಟೇಪು ಬಿಚ್ಚಿದಳು. "ಅಣ್ಣ, ನೀನು ಆ ತುದಿ ಹಿಡ್ಕೋ." ಅಣ್ಣ ಹಿಡಿದುಕೊಂಡ.

ಆಗ ಮಗಳು ನಡುವೆ ಬಂದಳು. "ಅತ್ತೆ, ಇದು ನನ್ನ ರೂಮು. ಅಮ್ಮ ಕೊಡಲ್ಲ ಅಂತ ಬರ್ದಿದ್ದಾರೆ. ನಿಮಗೆ ಓದೋಕೆ ಬರುತ್ತಲ್ಲ?"

"ದೊಡ್ಡವರು ಮಾತಾಡ್ವಾಗ ಬಾಯಿ ಹಾಕ್ಬಾರ್ದು ಪುಟಾಣಿ" ಎಂದರು ಯಜಮಾನರು, ಟೇಪಿನ ತುದಿ ಬಿಡದೆ.

"ಅತ್ತೆ ಜೊತೆ ಇರೋಕೆ ಬೇಜಾರಾ? ನಿನ್ನ ಪುಸ್ತಕ ಎಲ್ಲ ನನ್ನ ಮಂಚದ ಕೆಳಗೆ ಇಡ್ಬಹುದು. ನೀನು ಹೇಗೂ ಅಜ್ಜಿ ಹತ್ರ ಮಲಗ್ತಿದ್ದೋಳು ತಾನೇ?"

ಆ ಸಂಜೆ ಮಗಳು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು. ಮಿಸ್ಸು ಉಪ್ಪುನೀರು ಬಾಯಿಗೆ ಹಾಕಿಕೊಂಡು ಗಂಟಲಲ್ಲಿ ಗುಳುಗುಳು ಮಾಡುತ್ತಿದ್ದರು.

"ಅಮ್ಮ, ಒಂದು ಸಲ ಬೇಡ ಅಂತ ಹೇಳು. ಸಾಕು. ನೀನು ಬಾಯ್ಬಿಟ್ಟು ಹೇಳಿದ್ರೆ ಅಪ್ಪಂಗೆ ಕೇಳ್ಸುತ್ತೆ."

ಮಿಸ್ಸು ಗಂಟಲು ಮುಟ್ಟಿ ತೋರಿಸಿದರು. ಸೋಮವಾರ ಎಂದು ಕ್ಯಾಲೆಂಡರಿನ ಕಡೆ ಬೆರಳು ಮಾಡಿದರು. ಪುಟ್ಟ ಮಕ್ಕಳ ಎತ್ತರಕ್ಕೆ ಕೈ ಹಿಡಿದು, ಅವರು ಅಳುವುದನ್ನೂ ನಟಿಸಿ ತೋರಿಸಿದರು.

"ಗೊತ್ತು ಬಿಡು" ಎಂದಳು ಮಗಳು. "ಊರಿನ ಮಕ್ಕಳಿಗೆಲ್ಲ ಧ್ವನಿ ಎತ್ತಿಟ್ಟಿದ್ದೀಯ. ನನಗೆ ಉಪ್ಪುನೀರು."

ಹೋಗಿ ರೂಮಿನ ಚಿಲಕ ಹಾಕಿಕೊಂಡಳು. ಮಿಸ್ಸು ಬಾಯಲ್ಲಿದ್ದ ನೀರನ್ನು ಉಗುಳುವುದನ್ನೇ ಮರೆತು ನುಂಗಿಬಿಟ್ಟರು.

ಭಾನುವಾರ ಸಂಜೆ ಟೆಂಪೋ ಬಂತು. ಮರುದಿನ ಬೆಳಿಗ್ಗೆ ಶಾಲೆ. ಮಿಸ್ಸು ಚೀಲಕ್ಕೆ ಚಾಕ್‌ಪೀಸು, ಅಳುವ ಮಕ್ಕಳಿಗೆ ತೋರಿಸಲು ಒಂದು ಬಟ್ಟೆಯ ಮೊಲ ತುಂಬುತ್ತಿದ್ದರು. ಹೊರಗೆ ಪುಟ್ಟಿಯ ಸವಾರಿ ಇಳಿಯಿತು. ಮಂಚ, ಹಾಸಿಗೆ, ಬೊಂಬೆಗಳಿಂದ ತುಂಬಿದ ಗಾಜಿನ ಶೋಕೇಸು, ಮಿಕ್ಸಿ, ಒಂದು ಹೊಲಿಗೆ ಯಂತ್ರ, ಎಲ್ಲಕ್ಕೂ ಕೊನೆಗೆ ಒಂದು ಕಬ್ಬಿಣದ ಬೀರು. ಆ ಬೀರುವಿನಲ್ಲಿ ಸಣ್ಣ ಸಂಸಾರವೊಂದು ಬಾಡಿಗೆಗೆ ಇರಬಹುದಿತ್ತು.

ಮೊದಲು ಒಳಗೆ ಹೊರಟದ್ದೇ ಬೀರು. ನಾಲ್ವರು ಹಮಾಲರು ಅದನ್ನು ಅಡ್ಡ ಹಿಡಿದು ಹಾಲಿಗೆ ತಂದರು. ಮಿಸ್ಸು ಅಡ್ಡ ಬಂದು ಒಂದು ಚಪ್ಪಾಳೆ ತಟ್ಟಿದರು. ನಿಲ್ಲಿಸಿ!

"ನೋಡಣ್ಣ, ಅತ್ತಿಗೆಗೆ ಎಷ್ಟು ಖುಷಿ! ಚಪ್ಪಾಳೆ ತಟ್ತಿದ್ದಾರೆ" ಎಂದಳು ಪುಟ್ಟಿ.

ಎರಡು ಚಪ್ಪಾಳೆ ತಟ್ಟಿದರು. ಅಜ್ಜಿಯೂ ಏನೋ ಸಂಭ್ರಮವೆಂದು ತಿಳಿದು ಕೂತಲ್ಲಿಂದಲೇ ಜೊತೆಗೂಡಿದರು. ಮಿಸ್ಸು ತೋರುಬೆರಳನ್ನು ಎಡಕ್ಕೂ ಬಲಕ್ಕೂ ಜೋರಾಗಿ ಆಡಿಸಿದರು.

"ಎಡಕ್ಕೆ, ಎಡಕ್ಕೆ! ಅತ್ತಿಗೆ ದಾರಿ ತೋರಿಸ್ತಿದ್ದಾರಲ್ಲ, ನೋಡ್ಕೊಂಡು ಹೋಗ್ರಪ್ಪಾ. ಈಗ ಬಲಕ್ಕೆ!"

ಹಮಾಲರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಬೀರುವಿನ ಮೂಲೆ ಮಗಳ ರೂಮಿನ ಹೊಸ್ತಿಲವರೆಗೂ ಬಂತು. ಮಗಳು ರೂಮಿನ ಬಾಗಿಲಲ್ಲಿ ಎರಡೂ ಕೈ ಚೌಕಟ್ಟಿಗೆ ಒತ್ತಿ ನಿಂತಿದ್ದಳು. ಅವಳು ಅಪ್ಪನನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಬೀರುವಿನ ಮೇಲಿಂದ ಅಮ್ಮನನ್ನೇ ನೋಡಿದಳು. ಈಗ ಏನೂ ಕೇಳಲಿಲ್ಲ.

ಮಿಸ್ಸಿನ ಬಾಯಿ ತೆರೆಯುವುದನ್ನು ಯಜಮಾನರು ಮೊದಲು ಕಂಡರು. "ಬೇಡ, ಬೇಡ ಕಣೇ! ಡಾಕ್ಟ್ರು ಏನ್ ಹೇಳಿದ್ದಾರೆ? ನಾಳೆ ಸ್ಕೂಲು. ಧ್ವನಿ ಉಳಿಸ್ಕೋ" ಎಂದು ಓಡಿ ಬಂದರು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ಆರೋಗ್ಯದ ಬಗ್ಗೆ ಅವರು ಅಷ್ಟು ಕಂಗಾಲಾದದ್ದು ಅದೇ ಮೊದಲು.

"ಇಳಿಸ್ರೀ ಅದನ್ನ!"

ಶೋಕೇಸಿನ ಗಾಜು ಝಣ್ ಎಂದಿತು. ಹಮಾಲರು ಬೀರುವನ್ನು ನಿಂತಲ್ಲೇ ಇಳಿಸಿ ಕೈಕಟ್ಟಿ ನಿಂತರು. ರಸ್ತೆಯಲ್ಲಿ ಚೆಂಡಾಡುತ್ತಿದ್ದ ಮಕ್ಕಳು ಯಾರೂ ಹೇಳದೆ ಎತ್ತರದ ಪ್ರಕಾರ ಸಾಲು ನಿಂತರು. ಅಜ್ಜಿಗೆ ಕಿವಿ ಮಂದವಾಗಲು ಸಮಯ ಸಿಗಲಿಲ್ಲ.

"ಇದು ನನ್ನ ಮಗಳ ರೂಮು. ಇದರೊಳಗೆ ಒಂದು ಚಮಚ ಕೂಡ ಹೋಗೋ ಹಾಗಿಲ್ಲ. ಕೇಳಿಸ್ತಾ?"

"ಕೇಳಿಸ್ತು ಮಿಸ್" ಎಂದ ಹಮಾಲರಲ್ಲಿ ಒಬ್ಬ.

ಅಷ್ಟಕ್ಕೆ ನಿಲ್ಲಿಸಿದ್ದರೆ ಗಂಟಲು ಉಳಿಯುತ್ತಿತ್ತು. ಬೇಕಾದ ಮಾತು ಮುಗಿದಿತ್ತು. ಆದರೆ ಒಂದು ವಾರ ಕಟ್ಟೆ ಕಟ್ಟಿ ನಿಲ್ಲಿಸಿದ್ದು ಒಂದು ಲೋಟ ಹರಿದು ನಿಲ್ಲುತ್ತದೆಯೇ? ಮಿಸ್ಸು ಒದ್ದೆ ಟವೆಲ್ಲಿನಿಂದ ಶುರು ಮಾಡಿದರು. ಸ್ನಾನದ ಮನೆಯ ಸಂಗೀತಕ್ಕೆ ಬಂದರು. ಮೂಗಿನ ಮೇಲಿದ್ದೂ ಕಾಣೆಯಾದ ಕನ್ನಡಕವನ್ನು ವಿಚಾರಿಸಿದರು. ಅಲ್ಲಿಂದ ಹಿಂದೆ ಹೋಗಿ, ಮಗಳು ಹುಟ್ಟಿದ ವರ್ಷ ಯಾರು ಆಸ್ಪತ್ರೆಗೆ ಬರಲಿಲ್ಲ, ಬಂದವರು ಏನಂದರು, ಮದುವೆಯ ಫೋಟೋದಲ್ಲಿ ತಮ್ಮನ್ನು ಯಾರು ಮರೆಮಾಡಿ ನಿಂತರು ಎನ್ನುವವರೆಗೂ ಪಾಠ ಸಾಗಿತು. ಸತ್ಯ ಹೇಳಬೇಕೆಂದರೆ ಅವರಿಗೆ ಅದು ಬಹಳ ರುಚಿಯಾಗಿತ್ತು.

ಪುಟ್ಟಿ ಅಳತೊಡಗಿದಳು. "ಹಾಗಾದ್ರೆ ನಾನು ರಸ್ತೆ ಮೇಲೆ ಇರ್ಲಾ ಅತ್ತಿಗೆ?"

"ಯಾಕಿರ್ತೀಯಾ? ನಿನಗೆ ಅಣ್ಣ ಇಲ್ವಾ? ಹಾಲಲ್ಲಿ ಇಡು. ಅವರ ಆರಾಮ ಕುರ್ಚಿ, ಟಿವಿ, ಟೀಪಾಯಿ ಮಹಡಿ ಮೇಲಿನ ತಗಡಿನ ಶೀಟ್ ಕೆಳಗೆ ಹೋಗ್ಲಿ. ಬೀರು ನಮ್ಮ ರೂಮಲ್ಲಿ, ಅವರು ಮಲಗೋ ಕಡೆ."

"ಅದು ನೋ..." ಎಂದು ಯಜಮಾನರು ಆರಂಭಿಸಿದರು.

"ನೋಡೋದೇನಿಲ್ಲ!"

ಇದು ಅಂದು ಮಿಸ್ಸಿನ ಕೊನೆಯ ಮಾತು. "ಇಲ್ಲ" ಎನ್ನುವಾಗ ಧ್ವನಿ ಬಟ್ಟೆ ಹರಿದಂತೆ ಹರಿಯಿತು. ಆಮೇಲೆ ಬಾಯಿ ಆಡಿತು, ಗಾಳಿ ಬಂತು, ಮಾತು ಬರಲಿಲ್ಲ. ಆದರೆ ಯಾರಿಗೂ ಅದನ್ನು ಪರೀಕ್ಷಿಸಿ ನೋಡುವ ಧೈರ್ಯವಿರಲಿಲ್ಲ. ಹಮಾಲರು ಗಾಳಿಯ ಮಾತನ್ನೇ ಪಾಲಿಸಿ ಕೆಲಸ ಮುಗಿಸಿದರು. ಯಜಮಾನರು ಅಂದು ಬೀರುವಿಗೂ ಗೋಡೆಗೂ ನಡುವೆ ಅಂಚೆ ಲಕೋಟೆಯಂತೆ ಮಲಗಿದರು.

ಬೆಳಿಗ್ಗೆ ಒಂದನೇ ತರಗತಿ ಎಂದಿನಂತೆ ಅಳುತ್ತಿತ್ತು. ಮಿಸ್ಸು ಕಪ್ಪು ಹಲಗೆಯ ಮುಂದೆ ನಿಂತು, ಬಟ್ಟೆಯ ಮೊಲವನ್ನು ಎತ್ತಿ ಹಿಡಿದು ಬಾಯಿ ತೆರೆದರು. ಸೈಕಲ್ ಟೈರಿನಿಂದ ಗಾಳಿ ಹೋದಂಥ ಸದ್ದು ಬಂತು. ಮುಂದಿನ ಬೆಂಚಿನ ಒಂದು ಮಗು ಹೆದರಿ, ಅಳುವುದನ್ನು ಬಿಟ್ಟು ಕಿರುಚಿತು. ಕಿಟಕಿಯಲ್ಲಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹಿಂದೆ ದೊಡ್ಡ ಮೇಡಂ ನಿಂತಿದ್ದರು.

"ಒಂದು ವಾರ ಬಾಯಿ ಮುಚ್ಕೊಂಡಿರ್ತೀನಿ ಅಂದಿದ್ರಿ?"

ಮಿಸ್ಸು ತಲೆಯಾಡಿಸಿದರು. ಹೌದು ಎಂದೂ ಆಯಿತು, ಇಲ್ಲ ಎಂದೂ ಆಯಿತು.

ಮಧ್ಯಾಹ್ನದೊಳಗೆ ಒಂದನೇ ತರಗತಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಪಾಲಾಯಿತು. ಮಿಸ್ಸು ಹಿಂದಿನ ಕೋಣೆಯಲ್ಲಿ ಹರಿದ ಭೂಪಟಗಳಿಗೆ ಅಂಟು ಹಚ್ಚಿದರು. ಮೊದಲ ಪರೀಕ್ಷೆಯವರೆಗೆ ಹೀಗೆ, ಆಮೇಲೆ ವಿಚಾರ ಮಾಡೋಣ ಎಂದಿದ್ದರು ದೊಡ್ಡ ಮೇಡಂ. ಒಂದನೇ ತರಗತಿಯ ಕಡೆಯಿಂದ ಹೊಸ ಹುಡುಗಿಯ ತೆಳು ಧ್ವನಿ ಕೇಳುತ್ತಿತ್ತು: "ಮಕ್ಕಳೇ, ದಯವಿಟ್ಟು." ದಯವಿಟ್ಟು! ಮಿಸ್ಸು ಭೂಪಟದ ಸಮುದ್ರದ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಅಂಟು ಸುರಿದರು.

ಸಂಜೆ ಮನೆಗೆ ಬಂದರೆ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಪುಟ್ಟಿ ತನ್ನ ಮಂಚದ ಮೇಲೆ ಮುನಿಸಿಕೊಂಡು ಗೋಡೆಗೆ ಮುಖ ಮಾಡಿದ್ದಳು. ಅಜ್ಜಿ ಟಿವಿಯನ್ನು ಹುಡುಕಿಕೊಂಡು ಮಹಡಿಗೆ ಹೋಗಿದ್ದರು. ಮಿಸ್ಸು ಶೋಕೇಸಿನ ಪಕ್ಕ ಹೊಟ್ಟೆ ಒಳಕ್ಕೆ ಎಳೆದುಕೊಂಡು ನುಸುಳಿ ಮಗಳ ರೂಮಿನ ಬಾಗಿಲು ಮುಟ್ಟಿದರು. ಒಳಗಿನಿಂದ ಚಿಲಕ. ಇಷ್ಟು ಕಳೆದುಕೊಂಡು ಗೆದ್ದ ರೂಮು, ಒಂದು ಒಳ್ಳೆಯ ಮಾತಾದರೂ ಸಿಗಲಿ ಎಂದು ಬಂದವರು ಬಾಗಿಲು ತಟ್ಟಿದರು.

"ಯಾರು?"

ಮತ್ತೆ ತಟ್ಟಿದರು.

"ಅಪ್ಪನಾ? ಅತ್ತೆ ಆದ್ರೆ ನಾನು ಓದ್ತಿದ್ದೀನಿ. ಯಾರು ಅಂತ ಹೇಳಿದ್ರೆ ತೆಗೀತೀನಿ."

ಮಿಸ್ಸು ಬಾಯಿ ತೆರೆದರು, ಮುಚ್ಚಿದರು. ಕಾಯುವುದು ಅವರಿಗೆ ಗೊತ್ತಿಲ್ಲದ ವಿದ್ಯೆ, ಜಗತ್ತೇ ಅವರ ಒಂದು ಕೂಗಿಗೆ ತೆರೆದುಕೊಳ್ಳುತ್ತಿತ್ತು. ಹೊಲಿಗೆ ಯಂತ್ರದ ಸ್ಟೂಲು ಎಳೆದುಕೊಂಡು ಕೂತರು. ಎಷ್ಟೋ ಹೊತ್ತಿನ ಮೇಲೆ ಹಸಿವಾಗಿ ಮಗಳೇ ಬಾಗಿಲು ತೆಗೆದಳು. ಅಮ್ಮನನ್ನು ಕಂಡು ಗಾಬರಿಯಾದಳು.

"ಅಯ್ಯೋ ಅಮ್ಮಾ, ಇಲ್ಲೇ ಕೂತಿದ್ಯಾ? ಒಂದು ಸಲ ಕರೀಬಾರ್ದಿತ್ತಾ?"

ಮಿಸ್ಸು ಗಂಟಲು ಮುಟ್ಟಿ ತೋರಿಸಿದರು. ಮಗಳಿಗೆ ಹೊಳೆಯಿತು. ಮುಖ ಕೆಂಪಾಯಿತು. ಆಮೇಲೆ ತಡೆಯಲಾರದೆ ನಗು ಬಂತು, ನಗುತ್ತಲೇ ಅಡುಗೆಮನೆಯಿಂದ ಬ್ರೆಡ್ ತಂದು, ಅಮ್ಮನ ಕೈ ಹಿಡಿದು ಒಳಗೆ ಎಳೆದುಕೊಂಡು ಚಿಲಕ ಹಾಕಿದಳು.

ಆ ಸಂಜೆ ಮಗಳು ಮಾತಾಡಿದ್ದೇ ಮಾತಾಡಿದ್ದು. ಮಿಸ್ಸು ಹಸಿರು ಗೋಡೆಗೆ ಒರಗಿ ಕೇಳಿದರು. ನಡುವೆ ಒಮ್ಮೆಯೂ ತಿದ್ದಲಿಲ್ಲ, ಬೆನ್ನು ನೆಟ್ಟಗೆ ಮಾಡು ಎನ್ನಲಿಲ್ಲ, ತಿದ್ದಲು ಬಾಯಲ್ಲಿ ಏನೂ ಉಳಿದಿರಲಿಲ್ಲ.

"ಮತ್ತೆ ನಮ್ಮ ಹೊಸ ಕ್ಲಾಸ್ ಟೀಚರ್ ಇದ್ದಾರಲ್ಲ ಅಮ್ಮ," ಎಂದಳು ಮಗಳು, ಬ್ರೆಡ್ ಕಚ್ಚುತ್ತ, "ಏನ್ ಕೂಗ್ತಾರೆ ಗೊತ್ತಾ! ಪಾಪ, ಅವರ ಮನೆಯವರು ಹೇಗಿರ್ತಾರೋ."